ಮೊಬೈಲಿನೊಳಗಿನ ತಿಳಿನೀರಮ್ಮ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಎರಡನೇ ಮಹಡಿಯ ಉದ್ದನೆಯ ಹಜಾರದಲ್ಲಿ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ಈಗತಾನೇ ಒರೆಸಿದ ನೆಲ ಒದ್ದೆಯಾಗಿ ಹೊಳೆಯುತ್ತಿದೆ, ಫಿನಾಯಿಲ್ ವಾಸನೆ ಮೂಗಿಗೆ ಬಡಿಯುತ್ತಿದೆ. ಗೋಡೆಗೆ ಸಾಲಾಗಿ ನಿಲ್ಲಿಸಿದ ಸ್ಟ್ರೆಚರ್‌ಗಳ ಪಕ್ಕದಲ್ಲಿ, ಗಾಜಿನ ಕಿಟಕಿಯ ಕೌಂಟರಿನ ಹಿಂದೆ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸ್ವೆಟರಿನ ತೋಳನ್ನು ಮೊಣಕೈವರೆಗೆ ಏರಿಸಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ಒಂದೊಂದಾಗಿ ಉತ್ತರಗಳು ಬಂದು ಬೀಳುತ್ತಿವೆ.

‘ಎರಡನೇ ಬಾಟಲಿ ಶುರು ಮಾಡಿದೆ. ದೇವರೇ ಗತಿ.’

‘ನಾಲ್ಕು ಸಲ ಹೋಗಿ ಬಂದೆ. ಇನ್ನೂ ಕಾಫಿ ಬಣ್ಣ.’

‘ನಮ್ಮತ್ತೆಗೆ ವಾಂತಿ ಬಂದ ಹಾಗಾಗ್ತಿದೆಯಂತೆ. ಏನ್ ಮಾಡ್ಲಿ?’

‘ತಿಳಿನೀರಾಯ್ತು ಮೇಡಂ! ತಿಳಿನೀರಾಯ್ತು!’

ಕೊನೆಯದನ್ನು ಓದಿ ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾರೆ. “ನೋಡಿ, ಪರೀಕ್ಷೇಲಿ ಪಾಸಾದ ಮಕ್ಕಳ ಹಾಗೆ ಬರೆದಿದ್ದಾರೆ,” ಎಂದು ತಮ್ಮ ಬಗ್ಗೆ ಬರೆಯಲು ಬಂದ ನಮಗೆ ಹೇಳುತ್ತಲೇ, ಅತ್ತೆಯ ಬಗ್ಗೆ ಕೇಳಿದ ಸೊಸೆಗೆ ಎರಡೇ ಬೆರಳಲ್ಲಿ ಉತ್ತರ ಟೈಪ್ ಮಾಡುತ್ತಾರೆ: ‘ಅರ್ಧ ಗಂಟೆ ಬಿಡಿ. ಆಮೇಲೆ ತಣ್ಣಗೆ ಮಾಡಿ ಸ್ವಲ್ಪ ಸ್ವಲ್ಪವೇ ಕೊಡಿ. ಆಗಲೂ ನಿಲ್ಲದಿದ್ದರೆ ಈ ನಂಬರಿಗೆ ಫೋನ್ ಮಾಡಿ, ನರ್ಸ್ ಮಾತಾಡ್ತಾರೆ.’

ಇದು ಹೊಟ್ಟೆ ಪರೀಕ್ಷೆಯ ವಿಭಾಗ. ತುದಿಯಲ್ಲಿ ಕ್ಯಾಮೆರಾ ಇರುವ ತೆಳುವಾದ ಕೊಳವೆಯನ್ನು ಹಿಂಬದಿಯಿಂದ ದೊಡ್ಡ ಕರುಳಿನೊಳಗೆ ಇಳಿಸಿ ಅಲ್ಲಿ ಗಂಟು, ಗಾಯ, ಗೆಡ್ಡೆ ಏನಾದರೂ ಇದೆಯೇ ಎಂದು ಡಾಕ್ಟರು ನೋಡುವ ಜಾಗ. ನೋಡಬೇಕಾದರೆ ಕರುಳು ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿಯಿರಬೇಕು. ಆ ತೊಳೆಯುವ ಕೆಲಸ ನಡೆಯುವುದು ಆಸ್ಪತ್ರೆಯಲ್ಲಲ್ಲ, ಅವರವರ ಮನೆಯಲ್ಲಿ. ಏನು ತಿನ್ನಬಾರದು, ಯಾವಾಗ ಔಷಧಿ ನೀರು ಕುಡಿಯಬೇಕು, ಎಷ್ಟು ಕುಡಿಯಬೇಕು ಎಂಬುದನ್ನು ಒಂದು ವಾರ ಮುಂಚಿನಿಂದ ರೋಗಿಗಳ ಮೊಬೈಲಿಗೆ ಕಂಪ್ಯೂಟರೇ ತಾನಾಗಿ ಮೆಸೇಜು ಕಳಿಸಿ ನೆನಪಿಸುತ್ತದೆ. ಕಳಿಸುವುದು ಯಂತ್ರ. ಮಾತು ಮಾತ್ರ ಈ ಕೌಂಟರಿನ ಹೆಂಗಸಿನದು.

ವಿಭಾಗದ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರೂ ಅವರನ್ನು ಕರೆಯುವುದು ‘ತಿಳಿನೀರಮ್ಮ’ ಎಂದು. ಹೊಟ್ಟೆಯಿಂದ ಹೊರಗೆ ಬರುವುದು ತಿಳಿನೀರಿನ ಹಾಗಾದರೆ ತಯಾರಿ ಮುಗಿಯಿತು ಎಂದರ್ಥ. ಬೆಳಿಗ್ಗೆ ಕೌಂಟರಿಗೆ ಬಂದವರನ್ನೆಲ್ಲ ಅವರು ಕೇಳುವ ಮೊದಲ ಪ್ರಶ್ನೆಯೂ ಅದೇ. “ಹೆಸರಿಟ್ಟಿದ್ದು ಯಾರೋ ಗೊತ್ತಿಲ್ಲ. ಬೇರೆ ಬಣ್ಣದ ಹೆಸರಿಡಲಿಲ್ವಲ್ಲ, ಪುಣ್ಯ,” ಎನ್ನುತ್ತಾರೆ.

ಹೀಗೆ ನಗುತ್ತಿದ್ದವರ ಮುಖ ಇದ್ದಕ್ಕಿದ್ದಂತೆ ಗಂಭೀರವಾಗುತ್ತದೆ. ಪರದೆಯ ಮೇಲೆ ಹೊಸದೊಂದು ಸಾಲು: ‘ಬರಲ್ಲ. ಕ್ಷಮಿಸಿ.’

ಬರೆದವರು ಒಬ್ಬ ಬೇಕರಿಯವರು. ಅರವತ್ತು ದಾಟಿದ ವಯಸ್ಸು. ಕೆಲವು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿದೆ. ಅವರ ಅಪ್ಪ ಇದೇ ತರಹದ ಹೊಟ್ಟೆಯ ಕಾಯಿಲೆಯಲ್ಲಿ ತೀರಿಕೊಂಡವರು. ಬೇಕರಿಯವರು ಹಿಂದೊಮ್ಮೆ ಪರೀಕ್ಷೆಗೆ ಬಂದು ವಾಪಸ್ ಹೋಗಿದ್ದರು. ಆಗ ಕರುಳಿನ ತುಂಬ ಎಳ್ಳು. ಕೇಳಿದರೆ, “ಒಲೆಯಿಂದ ತೆಗೆದ ಎಳ್ಳಿನ ಬನ್ನು ಮುರಿದು ನೋಡೋದು ನಲವತ್ತು ವರ್ಷದ ಅಭ್ಯಾಸ ಕಣಮ್ಮ. ಕೈ ಮುರೀತು, ಬಾಯಿ ತಿಂತು. ನನಗೆ ಗೊತ್ತೇ ಆಗ್ಲಿಲ್ಲ,” ಎಂದಿದ್ದರಂತೆ. ಈ ಸಲ ಪ್ರತಿ ಮೆಸೇಜಿಗೂ ಉತ್ತರ ಬರೆದಿದ್ದಾರೆ. ಬೇಕರಿಯಲ್ಲಿ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡಿದ್ದೇನೆ ಎಂದು ತಿಳಿಸಿದ್ದಾರೆ. ಸ್ವಲ್ಪ ಹೊತ್ತಿನ ಹಿಂದಷ್ಟೇ ತಿಳಿನೀರಾಯಿತು ಎಂದೂ ಬರೆದಿದ್ದರು.

“ಇಷ್ಟೆಲ್ಲ ಕುಡಿದು, ಇಷ್ಟು ಸಲ ಓಡಾಡಿ, ಹೊಸಿಲ ಹತ್ರ ಬಂದು ಬರಲ್ಲ ಅಂದ್ರೆ ಅದು ಹೆದರಿಕೆ ಅಲ್ಲ,” ಎನ್ನುತ್ತಾರೆ ತಿಳಿನೀರಮ್ಮ. “ಹೆದರೋರು ಮೊದಲ ಬಾಟಲಿಗೇ ಹೆದರ್ತಾರೆ. ಇವರದು ಬೇರೆ ಏನೋ ಇದೆ.”

ಫೋನ್ ಮಾಡುತ್ತಾರೆ. ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಇನ್ನೊಮ್ಮೆ ಮಾಡುತ್ತಾರೆ. ತೆಗೆಯುವುದಿಲ್ಲ. “ಮಾತಾಡೋಕೆ ಸಂಕೋಚ ಇದ್ದೋರು ಬರೆದಾದ್ರೂ ಹೇಳ್ತಾರೆ. ಕಾಯೋಣ,” ಎಂದು ಒಂದು ಸಾಲು ಬರೆದು ಕಳಿಸುತ್ತಾರೆ: ‘ಜೊತೆಗೆ ಬರೋರು ಸಿಗಲಿಲ್ವಾ?’

ಉತ್ತರ ಬರಲಿಲ್ಲ. ಕಾಯುವಾಗ ಅವರು ತಮ್ಮ ಕಥೆ ಹೇಳಿದರು. ಒಂದೇ ಸಮನೆ ಅಲ್ಲ, ನಡುನಡುವೆ ಪರದೆಯ ಕಡೆ ಕಣ್ಣು ಹಾಯಿಸುತ್ತ.

ಅವರಿಗೆ ಅಮ್ಮನ ನೆನಪಿಲ್ಲ. ಸಾಕಿದ್ದು ಅಕ್ಕ. ದೊಡ್ಡಕ್ಕ ಎಂದೇ ಎಲ್ಲರೂ ಕರೆಯುತ್ತಾರೆ. ಸ್ಕೂಲು ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಕಾಲಲ್ಲಿ ಮಿಷನ್ ತುಳಿದು, ತಂಗಿಯನ್ನು ಹತ್ತನೇ ತರಗತಿವರೆಗೆ ಓದಿಸಿದವರು. ತಾವು ಮಾತ್ರ ಮೂರನೇ ತರಗತಿಗೇ ಶಾಲೆ ಬಿಟ್ಟವರು. ಮದುವೆಯಾಗಿ ಎರಡು ವರ್ಷಕ್ಕೇ ತವರಿಗೆ ವಾಪಸ್ ಬಂದರು. ಯಾಕೆ ಎಂದು ಅಕ್ಕ ತಂಗಿ ಇಬ್ಬರೂ ಹೇಳುವುದಿಲ್ಲ. ತಂಗಿಗೆ ಮದುವೆಯೇ ಆಗಲಿಲ್ಲ. “ಆಗ್ಲಿಲ್ಲ, ಅಷ್ಟೇ. ಬಸ್ಸು ತಪ್ಪಿತು ಅಂತಿಟ್ಕೊಳ್ಳಿ. ಸ್ವಲ್ಪ ಹೊತ್ತು ನಿಂತು ನೋಡಿದೆ. ಆಮೇಲೆ ನಡ್ಕೊಂಡೇ ಹೊರಟೆ.”

ನಡೆದು ಬಂದದ್ದು ಈ ಆಸ್ಪತ್ರೆಗೆ. ಮೊದಲು ಸಿಕ್ಕಿದ್ದು ಕೊಳವೆ ತೊಳೆಯುವ ಕೆಲಸ. ಒಬ್ಬರಿಗೆ ಹಾಕಿದ ಕೊಳವೆಯನ್ನು ಇನ್ನೊಬ್ಬರಿಗೆ ಹಾಕುವ ಮುಂಚೆ ಒಳಗೂ ಹೊರಗೂ ಬ್ರಷ್ಷಿನಿಂದ ಉಜ್ಜಿ, ಕ್ರಿಮಿ ಕೊಲ್ಲುವ ದ್ರಾವಣದಲ್ಲಿ ನೆನೆಸಿ, ಒಣಗಿಸಿ ನೇತುಹಾಕಬೇಕು. ಕಿಟಕಿಯಿಲ್ಲದ ಪುಟ್ಟ ಕೋಣೆ, ಕಣ್ಣುರಿಸುವ ಘಾಟು. ಅಲ್ಲಿ ಅವರು ವರ್ಷಗಟ್ಟಲೆ ನಿಂತೇ ದುಡಿದರು.

ಆ ದಿನಗಳಲ್ಲೇ ದೊಡ್ಡಕ್ಕನಿಗೆ ಹೊಟ್ಟೆನೋವು ಶುರುವಾಯಿತು. ತಂಗಿಯೇ ಹೇಳಿ ದಿನ ಗೊತ್ತುಮಾಡಿಸಿದರು. ಆಗ ಮೆಸೇಜು ಗಿಸೇಜು ಇರಲಿಲ್ಲ. ಕೈಗೆ ಒಂದು ಹಾಳೆ ಕೊಡುತ್ತಿದ್ದರು, ಎರಡೂ ಬದಿಗೆ ಇರುವೆ ಸಾಲಿನಂತಹ ಅಕ್ಷರ. ದೊಡ್ಡಕ್ಕ ಅದನ್ನು ಮಡಿಸಿ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿಟ್ಟರು. ಶಾಲೆ ಶುರುವಾಗುವ ಕಾಲ, ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಔಷಧಿ ನೀರು ಅರ್ಧ ಕುಡಿದರು. ವಾಕರಿಕೆ ಬಂತು. ಅರ್ಧ ಕುಡಿದರೆ ಅರ್ಧವಾದರೂ ಕೆಲಸ ಆಗಿರುತ್ತದಲ್ಲ ಎಂದುಕೊಂಡು ಉಳಿದದ್ದನ್ನು ಚೆಲ್ಲಿದರು. ತಂಗಿಗೆ ಹೇಳಲಿಲ್ಲ.

“ನಾನು ಒಳಗೆ ಟ್ಯೂಬು ತೊಳೀತಿದ್ದೆ. ಬಾಗಿಲ ಆಚೆ ನರ್ಸು ಹೇಳಿದ್ದು ಕೇಳಿಸ್ತು, ‘ಇವರದು ಕ್ಲೀನ್ ಆಗಿಲ್ಲ, ಕಳಿಸಿ, ಇನ್ನೊಂದು ದಿನ ಕೊಡಿ’ ಅಂತ. ದಿನಾ ಕೇಳೋ ಮಾತೇ ಅದು. ತಲೆ ಎತ್ತಿ ನೋಡ್ಲೂ ಇಲ್ಲ. ಮಧ್ಯಾಹ್ನ ಊಟಕ್ಕೆ ಹೊರಗೆ ಬಂದ್ರೆ ಬೆಂಚಿನ ಮೇಲೆ ನಮ್ಮಕ್ಕ ಕೂತಿದ್ದಾಳೆ, ಚೀಲ ತೊಡೆ ಮೇಲಿಟ್ಕೊಂಡು. ಸ್ಕೂಲಿಂದ ಹೊರಗೆ ಹಾಕಿದ ಮಗೂ ಹಾಗೆ.”

ಮತ್ತೆ ಸಿಕ್ಕ ದಿನಕ್ಕೆ ದೊಡ್ಡಕ್ಕ ಬರಲೇ ಇಲ್ಲ. ಇವತ್ತು ನಾಳೆ ಎಂದು ಮುಂದೂಡಿದರು. ನೋವು ಕಡಿಮೆಯಾಗಿದೆ ಎಂದು ಸುಳ್ಳು ಹೇಳಿದರು. ಕೊನೆಗೆ ಒಂದು ಮಧ್ಯಾಹ್ನ ಅಂಗಡಿಯಲ್ಲೇ ಹೊಟ್ಟೆ ಹಿಡಿದುಕೊಂಡು ಕುಸಿದಾಗ ಒಳಗಿನ ಗಂಟು ಕರುಳಿಗೇ ಅಡ್ಡ ಬೆಳೆದು ನಿಂತಿತ್ತು. ಆಪರೇಷನ್ ಮಾಡಿ ಕರುಳಿನ ಒಂದು ಭಾಗ ತೆಗೆದರು. ಜೀವ ಉಳಿಯಿತು. ಆದರೆ ಹೊಟ್ಟೆಯ ಬದಿಯಲ್ಲಿ ಒಂದು ದಾರಿ ಮಾಡಿ ಚೀಲ ಅಂಟಿಸಿದರು. ಮಲ ಇನ್ನು ಮುಂದೆ ಆ ಚೀಲಕ್ಕೇ ಇಳಿಯಬೇಕು, ಬದುಕಿರುವವರೆಗೆ.

“ಒಂದು ವರ್ಷ ಅವಳು ಬಾಗಿಲು ದಾಟಲಿಲ್ಲ. ವಾಸನೆ ಬರುತ್ತೆ ಅಂತ ನನ್ನ ಪಕ್ಕದಲ್ಲೂ ಕೂರ್ತಿರ್ಲಿಲ್ಲ. ತಟ್ಟೆ ಹಿಡ್ಕೊಂಡು ಮೂಲೆಗೆ ಹೋಗ್ತಿದ್ಲು. ನನ್ನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದೋಳು.” ಅವರು ಎದ್ದು ಹೋಗಿ ಫಿಲ್ಟರಿನಿಂದ ನೀರು ಕುಡಿದು ಬರುತ್ತಾರೆ.

ಅಕ್ಕನನ್ನು ಮೂಲೆಯಿಂದ ಎಬ್ಬಿಸಿದ್ದು ಅವರದೇ ಕೈಕೆಲಸ. ಒಂದು ದಿನ ತಂಗಿ ಕೆಲಸ ಮುಗಿಸಿ ಮನೆಗೆ ಹೋದರೆ ಮಿಷನ್ನಿನ ಸದ್ದು. ಹೊಟ್ಟೆಯ ಚೀಲಕ್ಕೆ ದೊಡ್ಡಕ್ಕ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಕವರು ಹೊಲಿಯುತ್ತಿದ್ದರು, ಸಣ್ಣ ಹೂವಿನ ಚಿತ್ರದ್ದು, ಅಂಚಿಗೆ ಪಟ್ಟಿ ಕೊಟ್ಟು. “‘ಇರೋದು ಇದ್ದೇ ಇದೆ, ನೋಡೋಕಾದ್ರೂ ಚೆನ್ನಾಗಿರ್ಲಿ’ ಅಂದ್ಲು. ಅವತ್ತು ನನ್ನ ಪಕ್ಕ ಕೂತು ಊಟ ಮಾಡಿದ್ಲು.” ಈಗ ಇದೇ ಆಸ್ಪತ್ರೆಯಲ್ಲಿ ಚೀಲ ಹಾಕಿಸಿಕೊಂಡವರಿಗೆಲ್ಲ ದೊಡ್ಡಕ್ಕನೇ ಕವರು ಹೊಲಿದು ಕೊಡುತ್ತಾರೆ. ಗಂಡಸರಿಗೆ ಚೌಕುಳಿ, ಹೆಂಗಸರಿಗೆ ಹೂವು. ಒಬ್ಬ ಪೊಲೀಸಿನವರು ಮಾತ್ರ ಹಟ ಮಾಡಿ ಹೂವಿನದೇ ಒಯ್ದರಂತೆ.

ಕೊಳವೆ ತೊಳೆಯುವ ದ್ರಾವಣದ ಘಾಟಿಗೆ ತಿಳಿನೀರಮ್ಮನ ಎದೆ ಕಟ್ಟತೊಡಗಿತು. ಆಮೇಲೆ ಅವರನ್ನು ಕೌಂಟರಿಗೆ ಹಾಕಿದರು. ಸುಲಭದ ಕೆಲಸ ಎಂದುಕೊಂಡಿದ್ದರು. ಆಗಲಿಲ್ಲ. ದಿನಕ್ಕೆ ಇಪ್ಪತ್ತೈದು ಮೂವತ್ತು ಜನ ಬಂದರೆ ಅವರಲ್ಲಿ ಏಳೆಂಟು ಮಂದಿಗೆ ‘ಇವತ್ತಾಗಲ್ಲ, ಇನ್ನೊಂದು ದಿನ ಬನ್ನಿ’ ಎಂದು ಹೇಳಬೇಕು. ಹೇಳಿದಾಗಲೆಲ್ಲ ಬೆಂಚಿನ ಮೇಲೆ ಚೀಲ ಹಿಡಿದು ಕೂತ ಅಕ್ಕನೇ ಕಾಣಿಸುತ್ತಿದ್ದರು.

ಅಷ್ಟರಲ್ಲಿ ಕಂಪ್ಯೂಟರಿನ ಮೆಸೇಜು ಬಂತು. ಕೊಂಡು ತಂದ ವ್ಯವಸ್ಥೆ, ಮೆಸೇಜುಗಳೂ ಅದರೊಳಗೇ ಸಿದ್ಧವಿದ್ದವು. ಮೊದಲನೆಯದು ಹೀಗಿತ್ತು: ‘ತಾವು ನಿಗದಿತ ದಿನಾಂಕದಂದು ಕರುಳು ದರ್ಶನ ಪ್ರಕ್ರಿಯೆಗೆ ಒಳಪಡಲಿದ್ದು, ತತ್ಪೂರ್ವ ಶುದ್ಧೀಕರಣ ಕ್ರಮಗಳನ್ನು ಅನುಸರಿಸತಕ್ಕದ್ದು.’ ಕೆಲವರು ಇದು ಕೋರ್ಟಿನ ನೋಟಿಸು ಎಂದು ಬೆಚ್ಚಿದರು. ಕೆಲವರು ಬ್ಯಾಂಕಿನ ಮೋಸವೆಂದು ಅಳಿಸಿ ಹಾಕಿದರು. ಒಬ್ಬರು ಕರುಳು ದರ್ಶನ ಎಂದರೆ ಯಾವುದೋ ಯಾತ್ರೆಯ ಜಾಹೀರಾತು ಇರಬೇಕು ಎಂದುಕೊಂಡರಂತೆ. ವಾಪಸ್ ಹೋಗುವವರ ಸಂಖ್ಯೆ ಒಂದಿಷ್ಟೂ ಇಳಿಯಲಿಲ್ಲ.

ಈ ವಿಭಾಗದ ಮುಖ್ಯಸ್ಥೆಯನ್ನು ಇಲ್ಲಿ ಎಲ್ಲರೂ ಡಾಕ್ಟರಮ್ಮ ಎನ್ನುತ್ತಾರೆ. ಅವರೇ ಒಂದು ಸಂಜೆ ಕೌಂಟರಿಗೆ ಬಂದು ಕೇಳಿದರಂತೆ: “ದಿನವಿಡೀ ಇವರ ಹತ್ರ ಮಾತಾಡೋರು ನೀವು. ನೀವು ಹೇಗೆ ಹೇಳ್ತೀರೋ ಹಾಗೇ ಬರೆದುಕೊಡ್ತೀರಾ? ಔಷಧಿ ವಿಷಯ ನಾನು ನೋಡ್ಕೋತೀನಿ, ಮಾತು ನೀವು ನೋಡ್ಕೊಳ್ಳಿ.”

ಕರಾರು ಇವತ್ತಿಗೂ ಹಾಗೇ ನಡೆದಿದೆ. ಆರಂಭದಲ್ಲಿ ತಿಳಿನೀರಮ್ಮ ಉತ್ಸಾಹದಲ್ಲಿ ‘ಆವತ್ತು ಬೆಳಿಗ್ಗೆ ಮಾತ್ರೆ ಗೀತ್ರೆ ಏನೂ ಬೇಡ’ ಎಂದು ಬರೆದಿದ್ದರು. ಡಾಕ್ಟರಮ್ಮ ಅಲ್ಲೇ ತಡೆದು, ಬಿಪಿ ಮಾತ್ರೆ ಬಿಟ್ಟರೆ ಏನಾಗಬಹುದು ಎಂದು ಕೂರಿಸಿ ವಿವರಿಸಿದರು. “ಮೈ ಬೆವರಿತು. ಮಾತು ಸಲೀಸು ಅಂತ ಏನು ಬೇಕಾದ್ರೂ ಬರೆಯೋ ಹಾಗಿಲ್ಲ. ಇವತ್ತಿಗೂ ಔಷಧಿ ವಿಷಯದಲ್ಲಿ ಅವರು ಓದಿ ಹ್ಞೂಂ ಅಂದ ಮಾತು ಬಿಟ್ಟು ಒಂದಕ್ಷರ ಹೊರಗೆ ಹೋಗಲ್ಲ.”

ಡಾಕ್ಟರಮ್ಮನಿಗಿಂತ ಮುಂಚೆ ಓದುವವರು ಇನ್ನೊಬ್ಬರಿದ್ದಾರೆ. ಪ್ರತಿ ಮೆಸೇಜನ್ನೂ ತಿಳಿನೀರಮ್ಮ ಮನೆಗೆ ಒಯ್ದು ಅಕ್ಕನ ಕೈಗೆ ಕೊಡುತ್ತಾರೆ. ದೊಡ್ಡಕ್ಕ ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದುತ್ತಾರೆ. ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದುಪಡಿ. “‘ತೋಳು ಉದ್ದ ಆಯ್ತು, ಕತ್ತರಿಸು’ ಅಂತಾಳೆ. ಅವಳಿಗೆ ಎಲ್ಲಾನೂ ಬಟ್ಟೇನೇ.” ಪರೀಕ್ಷೆಯ ಹಿಂದಿನ ದಿನ ತಿಳಿಯಾದ ದ್ರವ ಮಾತ್ರ ಕುಡಿಯಬೇಕು. ಎಷ್ಟು ತಿಳಿ ಎಂದು ಹೇಳುವುದು ಹೇಗೆಂದು ತಂಗಿ ತಲೆ ಕೆಡಿಸಿಕೊಂಡಿದ್ದಾಗ ದೊಡ್ಡಕ್ಕ ಗಾಜಿನ ಲೋಟ ಎತ್ತಿ ಹಿಂದೆ ತಮ್ಮ ಬೆರಳು ಹಿಡಿದು ತೋರಿಸಿದರು. ಅದೇ ಮೆಸೇಜಾಯಿತು.

‘ಇವತ್ತು ಅಗಿಯೋ ಕೆಲಸ ಇಲ್ಲ, ಕುಡಿಯೋದು ಮಾತ್ರ. ಗಾಜಿನ ಲೋಟಕ್ಕೆ ಹಾಕಿ ಹಿಂದೆ ಬೆರಳಿಟ್ಟು ನೋಡಿ. ಬೆರಳು ಕಂಡರೆ ಕುಡಿಯಿರಿ, ಕಾಣದಿದ್ದರೆ ಬೇಡ. ಹಾಲು ಬೇಡ. ಕೆಂಪು ಬಣ್ಣದ್ದೂ ಬೇಡ, ರಕ್ತ ಅಂತ ನಾವು ಹೆದರ್ತೀವಿ.’

ಔಷಧಿ ನೀರು ಶುರುಮಾಡುವ ಸಂಜೆಯದು ಇನ್ನೊಂದು: ‘ಈಗ ಮೊದಲ ಬಾಟಲಿ. ರುಚಿ ಚೆನ್ನಾಗಿಲ್ಲ, ಗೊತ್ತು. ತಣ್ಣಗೆ ಮಾಡಿ ಕುಡಿದರೆ ಸ್ವಲ್ಪ ವಾಸಿ. ಅರ್ಧಕ್ಕೆ ನಿಲ್ಲಿಸಬೇಡಿ. ಅರ್ಧ ಕುಡಿದರೆ ಅರ್ಧ ಕೆಲಸ ಆಗಲ್ಲ, ಏನೂ ಆಗಲ್ಲ. ಮನೆಯವರಿಗೆ ಹೇಳಿ ಶೌಚಾಲಯ ಬಿಟ್ಟುಕೊಡಲಿ. ಇದರಲ್ಲಿ ನಾಚಿಕೆ ಏನೂ ಇಲ್ಲ.’

ಮೊದಲನೆಯ ಮೆಸೇಜಿನ ಕೊನೆಯಲ್ಲಿ ತಪ್ಪದೆ ಒಂದು ಸಾಲಿರುತ್ತದೆ: ‘ನಾವು ದುಡ್ಡು ಕೇಳಲ್ಲ, ಓಟಿಪಿ ಕೇಳಲ್ಲ. ಹೊಟ್ಟೆ ವಿಚಾರ ಮಾತ್ರ ಕೇಳ್ತೀವಿ.’

ಡಾಕ್ಟರಮ್ಮ ಹೇಳುತ್ತಾರೆ: “ಈಗ ವಾಪಸ್ ಹೋಗೋರು ದಿನಕ್ಕೆ ಒಬ್ಬರೋ ಇಬ್ಬರೋ. ಕೆಲವು ದಿನ ಒಬ್ಬರೂ ಇಲ್ಲ. ನನ್ನನ್ನ ಕೇಳಿದ್ರೆ ಅರ್ಧ ಕೆಲಸ ಮಾಡಿದ್ದು ‘ರುಚಿ ಚೆನ್ನಾಗಿಲ್ಲ, ಗೊತ್ತು’ ಅನ್ನೋ ಮಾತು. ಗೊತ್ತು ಅಂತ ಒಬ್ಬರು ಅಂದ್ರೆ ಸಾಕು, ಜನ ಕುಡಿದುಬಿಡ್ತಾರೆ.”

ಎಲ್ಲವೂ ಹೂವೆತ್ತಿದಷ್ಟು ಹಗುರವಾಗಿ ನಡೆದಿಲ್ಲ. ‘ಯಾರಮ್ಮ ನೀನು, ದಿನಾ ನನ್ನ ಹೊಟ್ಟೆ ವಿಚಾರ ಕೇಳೋಕೆ?’ ಎಂದು ಬೈದು ಬರೆದವರಿದ್ದಾರೆ. ಬೆಳಗಿನ ಜಾವ ಗಂಡನ ಮೊಬೈಲಿನಲ್ಲಿ ‘ತಿಳಿನೀರಾಯ್ತಾ?’ ಎಂದು ನೋಡಿದ ಹೆಂಡತಿಯೊಬ್ಬರು ಕೌಂಟರಿಗೇ ಬಂದು, “ಯಾರ್ರೀ ಅವಳು?” ಎಂದು ಸೆರಗು ಸಿಕ್ಕಿಸಿ ನಿಂತಿದ್ದರು. ಗಂಡ ಪರೀಕ್ಷೆಯ ಸುದ್ದಿಯನ್ನು ಮನೆಯಲ್ಲಿ ಮುಚ್ಚಿಟ್ಟಿದ್ದರಂತೆ. “ನಾನೇ ಅವಳು ಅಂದೆ. ನನ್ನ ಮುಖ ನೋಡಿ, ಬಿಳಿ ಕೂದಲು ನೋಡಿ, ಅಲ್ಲೇ ಕೂತು ಅತ್ತುಬಿಟ್ರು. ಕಾಯಿಲೆ ವಿಷಯ ಮುಚ್ಚಿಟ್ರಲ್ಲ ಅಂತ. ಆಮೇಲೆ ಗಂಡನ ಜೊತೆ ಅವರೇ ಬಂದ್ರು. ಎಲ್ಲ ಸರಿ ಇತ್ತು.”

ಓದಲು ಬಾರದವರಿಗೆ ಮೆಸೇಜನ್ನು ಧ್ವನಿಯಲ್ಲಿ ಕಳಿಸುತ್ತಾರೆ. ಆ ಧ್ವನಿಯೂ ಇವರದೇ. ನಿತ್ಯ ನೂರಕ್ಕೂ ಹೆಚ್ಚು ಮೆಸೇಜು ಹೋಗುತ್ತದೆ, ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಉತ್ತರ ಬರುತ್ತದೆ. ಉತ್ತರ ಓದಲೆಂದು ಬೇರೆ ಯಾರನ್ನೂ ನೇಮಿಸಿಲ್ಲ. ದಾಖಲೆಯಲ್ಲಿ ಇವರು ಇವತ್ತಿಗೂ ಕೌಂಟರ್ ಸಹಾಯಕಿ. ಕೌಂಟರ್ ತೆರೆಯುವ ಮುಂಚಿನ ಈ ಹೊತ್ತು ಇವರು ತಾವಾಗಿ ಬಂದು ಕೂರುವ ಹೊತ್ತು.

ಅಷ್ಟರಲ್ಲಿ ಪರದೆ ಮಿನುಗುತ್ತದೆ. ಬೇಕರಿಯವರ ಉತ್ತರ.

‘ಬಾಮೈದ ಬರ್ತೀನಿ ಅಂದಿದ್ದ. ಈಗ ಫೋನ್ ತೆಗೀತಿಲ್ಲ. ಬೇರೆ ಯಾರನ್ನೂ ಕೇಳೋಕೆ ನನಗೆ ಆಗಲ್ಲಮ್ಮ.’

“ಹೇಳಿದ್ನಲ್ಲ?” ಎನ್ನುತ್ತಾರೆ ತಿಳಿನೀರಮ್ಮ. ಗೆದ್ದ ದನಿಯಲ್ಲ, ನಿಟ್ಟುಸಿರಿನ ದನಿ.

ಪರೀಕ್ಷೆಯಲ್ಲಿ ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ. ಹಾಗಾಗಿ ಮನೆಗೆ ಕರೆದೊಯ್ಯಲು ಒಬ್ಬರು ಜೊತೆಗಿರಲೇಬೇಕು ಎಂಬುದು ಆಸ್ಪತ್ರೆಯ ನಿಯಮ. ಈ ಒಂದು ಸಾಲು ಎಷ್ಟು ಜನರನ್ನು ಮನೆಯಲ್ಲೇ ಕಟ್ಟಿಹಾಕುತ್ತದೆ ಎಂಬುದು ಇವರಿಗೆ ಗೊತ್ತಾದದ್ದು ಒಬ್ಬ ಮೇಷ್ಟರಮ್ಮನಿಂದ. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಯಾರಿಯನ್ನೆಲ್ಲ ಚಾಚೂತಪ್ಪದೆ ಮಾಡಿಕೊಂಡು ಬಂದಿದ್ದರು. ಜೊತೆಗೆ ಯಾರು ಎಂದು ಕೇಳಿದಾಗ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಪರಿಚಿತರೊಬ್ಬರನ್ನು ತೋರಿಸಿ, “ಇವರೇ, ನಮ್ಮಣ್ಣ,” ಎಂದರಂತೆ.

“ಆ ಮನುಷ್ಯ ಪಾಪ, ಕಣ್ಣು ಕಣ್ಣು ಬಿಟ್ಟು ನೋಡಿದ್ರು. ಆಮೇಲೆ ‘ಹೌದು, ಅಣ್ಣ’ ಅಂದುಬಿಟ್ರು. ತಂಗಿ ಹೆಸರೇನು ಅಂತ ಕೇಳಿದೆ. ‘ಮನೇಲಿ ಪುಟ್ಟಿ ಅಂತ ಕರೀತೀವಿ’ ಅಂದ್ರು! ನನಗೆ ನಗು ಬಂತು. ಆಯಮ್ಮನ ಮುಖ ನೋಡಿ ನಗು ನಿಂತೋಯ್ತು. ಅಷ್ಟು ವರ್ಷ ಅಷ್ಟು ಮಕ್ಕಳಿಗೆ ಪಾಠ ಹೇಳಿದೋರು, ಒಂದು ಮಧ್ಯಾಹ್ನದ ಮಟ್ಟಿಗೆ ಬಾ ಅಂತ ಕರೆಯೋಕೆ ಒಬ್ಬರಿಲ್ಲ.” ಆವತ್ತು ಆ ‘ಅಣ್ಣ’ ನಿಜವಾಗಿಯೂ ಸಂಜೆವರೆಗೆ ಕಾದು ಆಕೆಯನ್ನು ಮನೆ ಮುಟ್ಟಿಸಿ ಬಂದರು.

ಮರುದಿನವೇ ತಿಳಿನೀರಮ್ಮ ಮೆಸೇಜಿಗೆ ಒಂದು ಸಾಲು ಸೇರಿಸಿದರು: ‘ಜೊತೆಗೆ ಬರೋರು ಇಲ್ಲದಿದ್ದರೆ ಇಲ್ಲ ಅಂತ ಬರೆಯಿರಿ. ಒಬ್ಬರನ್ನ ಕಳಿಸ್ತೀವಿ.’ ಡಾಕ್ಟರಮ್ಮ ಓದಿ, “ಕಳಿಸ್ತೀವಿ ಅಂದ್ರೆ ಯಾರನ್ನ?” ಎಂದು ಕೇಳಿದರು. ಇವರು ಆಗಲೇ ಮನೆಯಲ್ಲಿ ಕೇಳಿಕೊಂಡು ಬಂದಿದ್ದರು. “ನಮ್ಮಕ್ಕನ್ನ.”

ಈಗ ಫೋನೆತ್ತಿ ಅವರು ಅಕ್ಕನಿಗೆ ಹೇಳುತ್ತಿದ್ದಾರೆ: “ದೊಡ್ಡಕ್ಕ, ಎದ್ದಿದ್ದೀಯಾ? ಒಬ್ಬರು ಬೇಕರಿಯವರು. ಹ್ಞೂಂ, ಅದೇ ಎಳ್ಳಿನವರು. ಆಟೋ ಮಾಡ್ಕೊಂಡು ಹೋಗಿ ಕರ್ಕೊಂಡು ಬಾ. ಬೈಬೇಡ ಮತ್ತೆ.” ಆಚೆ ಕಡೆಯಿಂದ ಬಂದ ಉತ್ತರ ನಮಗೂ ಕೇಳಿಸುವಷ್ಟು ಜೋರು: “ಬೈಯೋದು ಬಿಡೋದು ಮುಖ ನೋಡಿ ಹೇಳ್ತೀನಿ.”

ಹೊತ್ತು ಏರುತ್ತದೆ. ಹಜಾರ ತುಂಬುತ್ತದೆ. ಹಸಿದ ಮುಖಗಳು, ಸುಸ್ತಾದ ಕಣ್ಣುಗಳು. ಇರುವ ಒಂದೇ ಶೌಚಾಲಯದ ಮುಂದೆ ಯಾರೂ ಯಾರನ್ನೂ ನೋಡದ ಹಾಗೆ ನಿಂತ ಸಾಲು. ಆ ಜನರ ನಡುವೆ ದಾರಿ ಮಾಡಿಕೊಂಡು ಸಣಕಲು ದೇಹದ, ನೆಟ್ಟಗೆ ನಡೆಯುವ ಹಿರಿಯ ಹೆಂಗಸೊಬ್ಬರು ಬರುತ್ತಾರೆ. ಕೊರಳಲ್ಲಿ ಅಳತೆ ಟೇಪು ಹಾಗೇ ಉಳಿದಿದೆ. ಅವರ ಹಿಂದೆ ಎತ್ತರದ, ದಪ್ಪ ಮೀಸೆಯ ಗಂಡಸು ತಲೆ ತಗ್ಗಿಸಿಕೊಂಡು ಬರುತ್ತಿದ್ದಾರೆ.

“ಎಲ್ಲಿದ್ರು ಗೊತ್ತಾ?” ಎಂದು ದೊಡ್ಡಕ್ಕ ಕೌಂಟರಿಗೆ ಕೈಯೂರುತ್ತಾರೆ. “ಅಂಗಡಿ ಬಾಗಿಲು ತೆಗೆದು ಹಿಟ್ಟು ನಾದೋಕೆ ನಿಂತಿದ್ರು. ಒಂದು ದಿನ ಪೂರ್ತಿ ಹಸ್ಕೊಂಡಿದ್ದು, ಈಗ ಬನ್ನು ಮಾಡ್ತಾರಂತೆ ಬನ್ನು!”

“ಕೈ ಸುಮ್ನೆ ಇರಲ್ಲಮ್ಮ,” ಎನ್ನುತ್ತಾರೆ ಬೇಕರಿಯವರು ಮೆಲ್ಲಗೆ. ಅವರ ಮುಂಗೈ ಮೇಲೆ ಇನ್ನೂ ಹಿಟ್ಟಿದೆ.

ಹೆಸರು ಕೂಗಿದಾಗ ಅವರು ಏಳುವುದಿಲ್ಲ. ಕುರ್ಚಿಯ ಕೈ ಹಿಡಿದುಕೊಂಡು ಕೂತೇ ಇದ್ದಾರೆ. “ಅಪ್ಪನಿಗೆ ಇದೇ ಆಗಿದ್ದು,” ಎನ್ನುತ್ತಾರೆ, ಯಾರಿಗೆಂದಲ್ಲ. “ಒಳಗೆ ಅದೇ ಇದೆ ಅಂದ್ರೆ ಏನ್ ಮಾಡ್ಲಿ? ಗೊತ್ತಾಗದೇ ಇದ್ರೇ ವಾಸಿ ಅಲ್ವಾ?”

ದೊಡ್ಡಕ್ಕ ತಮ್ಮ ಹೊಟ್ಟೆಯ ಬದಿಯ ಮೇಲೆ, ಬಟ್ಟೆಯ ಮೇಲಿಂದಲೇ, ಅಂಗೈ ಇಡುತ್ತಾರೆ. “ಇಲ್ಲಿ ನನಗೊಂದು ಚೀಲ ಇದೆ. ಗೊತ್ತಾಗದೇ ಇರ್ಲಿ ಅಂತ ನಾನೂ ಕೂತಿದ್ದೆ. ನಾನು ಅರ್ಧ ಬಾಟಲಿ ಕುಡಿದೋಳು. ನೀವು ಪೂರ್ತಿ ಕುಡಿದಿದ್ದೀರಿ. ಏಳಿ.”

ಬೇಕರಿಯವರು ಎದ್ದರು. ಕನ್ನಡಕ, ಕೈಗಡಿಯಾರ, ಅಂಗಡಿಯ ಬೀಗದ ಕೈ ಒಂದೊಂದಾಗಿ ದೊಡ್ಡಕ್ಕನ ಕೈಗೆ ಕೊಟ್ಟರು. ಬಾಗಿಲು ಮುಚ್ಚಿತು.

ಅಷ್ಟೂ ಹೊತ್ತು ದೊಡ್ಡಕ್ಕ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಕೌಂಟರಿನಲ್ಲಿ ತಿಳಿನೀರಮ್ಮ ಬಂದವರನ್ನೆಲ್ಲ ವಿಚಾರಿಸುತ್ತಲೇ ಇದ್ದರು, ಆದರೆ ಒಳಬಾಗಿಲು ಅಲುಗಿದಾಗಲೆಲ್ಲ ಕತ್ತು ಆ ಕಡೆಗೇ ತಿರುಗುತ್ತಿತ್ತು.

ಡಾಕ್ಟರಮ್ಮ ಹೊರಗೆ ಬಂದು ಮಾಸ್ಕ್ ಕೆಳಗೆ ಎಳೆದುಕೊಂಡರು. “ಎರಡು ಗಂಟು ಇತ್ತು. ಚಿಕ್ಕವು. ಎರಡನ್ನೂ ತೆಗೆದಿದ್ದೀನಿ, ಲ್ಯಾಬಿಗೆ ಕಳಿಸ್ತೀವಿ. ನೋಡೋಕೆ ಕೆಟ್ಟದ್ದು ಅನ್ನಿಸ್ಲಿಲ್ಲ. ಒಂದೆರಡು ವರ್ಷ ಬಿಟ್ಟಿದ್ರೆ ಹೀಗೇ ಹೇಳ್ತಿದ್ದೆ ಅನ್ನೋ ಧೈರ್ಯ ಇಲ್ಲ. ಕರುಳು ಮಾತ್ರ ಕನ್ನಡಿ ಇದ್ದ ಹಾಗಿತ್ತು.” ಕೊನೆಯ ಮಾತನ್ನು ಅವರು ಹೇಳಿದ್ದು ಕೌಂಟರಿನ ಕಡೆಗೆ ತಿರುಗಿ. ದೊಡ್ಡಕ್ಕ ಅಲ್ಲಿಯವರೆಗೆ ಬಿಗಿಹಿಡಿದಿದ್ದ ಮುಷ್ಟಿ ಸಡಿಲಿಸಿದರು. ಬೀಗದ ಕೈಯ ಅಚ್ಚು ಅಂಗೈ ಮೇಲೆ ಕೆಂಪಗೆ ಮೂಡಿತ್ತು.

ಮಂಪರು ಇಳಿಯುತ್ತಿದ್ದಂತೆ ಬೇಕರಿಯವರು ಮೊದಲು ಕೇಳಿದ್ದು, ನಾದಿಟ್ಟ ಹಿಟ್ಟು ಹುಳಿಯಾಯಿತೇ ಎಂದು. ಆಮೇಲೆ ಟೀ ಕೇಳಿದರು. ಟೀ ಬಂದಾಗ ಲೋಟ ಹಿಡಿದುಕೊಂಡು ಸದ್ದಿಲ್ಲದೆ ಅತ್ತರು. ದೊಡ್ಡಕ್ಕ ನೋಡದ ಹಾಗೆ ಕಿಟಕಿಯ ಕಡೆ ತಿರುಗಿ ನಿಂತರು. ಅವರು ಅತ್ತು ಮುಗಿಸಿದ ಮೇಲೆ ಕನ್ನಡಕ ಒರೆಸಿ ಕೊಟ್ಟು, “ನಡೀರಿ, ಆಟೋ ನಿಂತಿದೆ,” ಎಂದರು.

ಈಗ ಅಕ್ಕನೊಬ್ಬರೇ ಅಲ್ಲ, ಹೀಗೆ ಜೊತೆಗೆ ಬರುವವರು ಇನ್ನೂ ಆರೇಳು ಮಂದಿ ಇದ್ದಾರೆ. ಎಲ್ಲರೂ ಹಿಂದೆ ಇದೇ ಬಾಗಿಲಿನೊಳಗೆ ಹೋಗಿ ಬಂದವರು. ಆ ಮೇಷ್ಟರಮ್ಮ ಒಬ್ಬರು. ಅವರನ್ನು ಮನೆ ಮುಟ್ಟಿಸಿದ ‘ಅಣ್ಣ’ ಇನ್ನೊಬ್ಬರು.

ತಿಳಿನೀರಮ್ಮನೂ ತಮ್ಮ ಪರೀಕ್ಷೆ ಮಾಡಿಸಿಕೊಂಡಿದ್ದಾರೆ. ಅಕ್ಕನಿಗೆ ಬಂದದ್ದು ತಂಗಿಗೂ ಬರಬಹುದು ಎಂದು ಡಾಕ್ಟರಮ್ಮ ಪಟ್ಟು ಹಿಡಿದಿದ್ದರು. ಎಲ್ಲ ಸರಿಯಿದೆ. “ನನ್ನ ಮೊಬೈಲಿಗೂ ಮೆಸೇಜು ಬಂತು. ನಾನೇ ಬರೆದದ್ದು, ಬಾಯಿಪಾಠ ಇದೆ. ಆದ್ರೂ ಆ ಸಂಜೆ ಬಾಟಲಿ ಮುಂದಿಟ್ಕೊಂಡು ಕೂತಾಗ ಟಿಣ್ ಅಂತು ನೋಡಿ, ಯಾರೋ ಪಕ್ಕದಲ್ಲಿ ಇದ್ದಾರೆ ಅನ್ನಿಸ್ತು. ನಗಬೇಡಿ.”

ನಾವು ನಗಲಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದೆವು. ಅವರು ತುಂಬಾ ಹೊತ್ತು ಯೋಚಿಸಲಿಲ್ಲ. “ಹಜಾರಕ್ಕೆ ಇನ್ನೊಂದು ಶೌಚಾಲಯ ಬೇಕು. ಬರ್ಕೊಳ್ಳಿ. ದೊಡ್ಡದಾಗಿ ಬರ್ಕೊಳ್ಳಿ.”

ಮಧ್ಯಾಹ್ನ ಇಳಿಯುತ್ತಿದೆ. ಪರೀಕ್ಷೆ ಮುಗಿಸಿ ಹೋದವರಿಗೆಲ್ಲ ದಿನದ ಕೊನೆಯ ಮೆಸೇಜು ಹೋಗುವ ಹೊತ್ತು. ‘ಮನೆ ಸೇರಿದ್ರಾ? ಹೊಟ್ಟೆನೋವು, ರಕ್ತ ಏನಾದ್ರೂ ಇದ್ರೆ ತಕ್ಷಣ ಫೋನ್ ಮಾಡಿ. ಏನಾದ್ರೂ ತಿಂದ್ರಾ?’ ಕೊನೆಯ ಪ್ರಶ್ನೆ ವೈದ್ಯಕೀಯವಾಗಿ ಬೇಕಾಗಿಲ್ಲ, ಆದರೂ ಡಾಕ್ಟರಮ್ಮ ಹೊಡೆದು ಹಾಕಲಿಲ್ಲ.

ಉತ್ತರಗಳು ಬರತೊಡಗುತ್ತವೆ. ‘ಸೇರಿದೆ.’ ‘ಆರಾಮ.’ ‘ಅತ್ತೆ ಮಲಗಿದ್ದಾರೆ, ಎದ್ದ ಮೇಲೆ ಕೊಡ್ತೀನಿ.’ ನಡುವೆ ಬೇಕರಿಯವರದೂ ಬಂದಿತು: ‘ಸೇರಿದೆ. ಹಾಲು ಬ್ರೆಡ್ಡು ತಿಂದೆ. ದೊಡ್ಡಕ್ಕ ಈಗಷ್ಟೇ ಹೊರಟರು. ಬೆಳಗಿನ ಜಾವದಿಂದ ಕೂತಿದ್ದೀರಿ, ನಿಮ್ಮ ಊಟ ಆಯ್ತಾ?’

ತಿಳಿನೀರಮ್ಮ ಅದನ್ನು ಎರಡು ಸಲ ಓದಿದರು. ಪಕ್ಕದ ಕುರ್ಚಿಯ ಮೇಲೆ ಅವರ ಊಟದ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಇತ್ತು.

“ಮನೆ ಸೇರಿದೆ, ಆರಾಮ ಅನ್ನೋದಕ್ಕೆಲ್ಲ ಉತ್ತರ ಮೊದಲೇ ಬರೆದಿಟ್ಟಿದ್ದೀನಿ, ಮೆಷಿನ್ನೇ ಕಳಿಸುತ್ತೆ,” ಎಂದು ಅವರು ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡರು. “ಇದಕ್ಕೆ ಮಾತ್ರ ನಾನೇ ಬರೀಬೇಕು.”

ಎರಡೇ ಬೆರಳಲ್ಲಿ, ನಿಧಾನವಾಗಿ ಬರೆದರು: ‘ಇನ್ನೂ ಇಲ್ಲ. ಈಗ ಮಾಡ್ತೀನಿ.’